ಮಳೆ ಕುಡಿದು ಬದುಕುವ ನೆಲ

ಕಳೆದ ಜುಲೈಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಕಲ್ಲಿದ್ದಲಿನ ಬಗ್ಗೆ ಹೇಳುತ್ತಿದ್ದೆ. ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಹಿಂದಿನ ಬೆಂಚಿನವರಿಗೆ ನನ್ನ ದನಿ ಕೇಳಿಸುತ್ತಿರಲಿಲ್ಲ. ಕಲ್ಲಿದ್ದಲು ಆಗುವ ಮೊದಲ ಹಂತ ಪೀಟ್. ನೀರು ನಿಂತ ಜಾಗದಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿ ಆಗುವ ಕಂದು ಬಣ್ಣದ, ಮಣ್ಣಿನಂಥ ವಸ್ತು ಅದು. ಇಷ್ಟನ್ನು ಬೋರ್ಡಿನಲ್ಲಿ ಬರೆದು ಮುಗಿಸುವಾಗ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಟೀಚರ್, ನೀರು ನಿಂತರೆ ಪೀಟ್ ಆಗ್ತದೆ ಅಂತಾದ್ರೆ ನಮ್ಮಲ್ಲಿ ಎಂತಕ್ಕೆ ಇಲ್ಲ? ಇಲ್ಲಿ ಇಷ್ಟು ಮಳೆ ಬರ್ತದಲ್ಲ?"

ನಾನು ಆಗ ಅರ್ಧ ಉತ್ತರ ಕೊಟ್ಟೆ. "ನಮ್ಮಲ್ಲಿ ಸೆಕೆ ಜಾಸ್ತಿ, ಬೇಗ ಕೊಳೀತದೆ" ಅಂತ ಹೇಳಿ ಮುಂದೆ ಹೋದೆ. ಉತ್ತರ ತಪ್ಪಲ್ಲ, ಆದರೆ ಅವಳ ಮುಖ ನೋಡಿದರೆ ಸಾಕಾಗಲಿಲ್ಲ ಅಂತ ಗೊತ್ತಾಗುತ್ತಿತ್ತು. ಉಳಿದ ಅರ್ಧ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕಾಗಿ ನಾವು ಸ್ವಲ್ಪ ದೂರ, ಸ್ಕಾಟ್ಲೆಂಡಿನ ಉತ್ತರದ ತುದಿಯವರೆಗೆ ಹೋಗಿ ಬರಬೇಕು.

ಅಲ್ಲಿ ಕೇತ್‌ನೆಸ್ ಮತ್ತು ಸದರ್‌ಲೆಂಡ್ ಎಂಬ ಎರಡು ಸೀಮೆಗಳಲ್ಲಿ ಹರಡಿರುವ ಜೌಗು ನೆಲಕ್ಕೆ ಫ್ಲೋ ಕಂಟ್ರಿ ಎಂದು ಹೆಸರು. ವಿಸ್ತಾರ ಸುಮಾರು 4,000 ಚದರ ಕಿ.ಮೀ. ನಮ್ಮ ಕಾಸರಗೋಡು ಜಿಲ್ಲೆ 1,992 ಚದರ ಕಿ.ಮೀ. ಇದೆ, ಅಂದರೆ ಎರಡು ಕಾಸರಗೋಡು ಹಿಡಿಯುವಷ್ಟು ಜಾಗ. ಸಾಮಾನ್ಯವಾಗಿ ಜೌಗು ಅಂದರೆ ತಗ್ಗಿನಲ್ಲಿ, ಕೆರೆಯ ಬದಿಯಲ್ಲಿ, ಬೈಲಿನ ಮೂಲೆಯಲ್ಲಿ ಇರುತ್ತದೆ. ಇದು ಹಾಗಲ್ಲ. ತಗ್ಗು, ಇಳಿಜಾರು, ಗುಡ್ಡದ ನೆತ್ತಿ ಎಲ್ಲವನ್ನೂ ಒಂದೇ ಕಂಬಳಿ ಹೊದಿಸಿದ ಹಾಗೆ ಮುಚ್ಚಿದೆ. ಅದಕ್ಕೇ ಇಂಥದ್ದನ್ನು ಬ್ಲ್ಯಾಂಕೆಟ್ ಬಾಗ್ ಅನ್ನುತ್ತಾರೆ. ನಾವು ಹೊದಿಕೆ ಜೌಗು ಅನ್ನೋಣ. ಈ ಕಂಬಳಿಯ ದಪ್ಪ ಕೆಲವು ಕಡೆ 10 ಮೀಟರಿನವರೆಗೂ ಇದೆ. ಐರ್ಲೆಂಡ್, ನಾರ್ವೆ, ಕೆನಡಾದ ನ್ಯೂಫೌಂಡ್‌ಲೆಂಡ್, ದಕ್ಷಿಣ ಅಮೆರಿಕದ ತುದಿ, ಹೀಗೆ ಭೂಮಿಯ ಕೆಲವೇ ತಂಪು ಕರಾವಳಿಗಳಲ್ಲಿ ಮಾತ್ರ ಇಂಥ ನೆಲ ಉಂಟು.

ಗುಡ್ಡದ ನೆತ್ತಿಯಲ್ಲೂ ಜೌಗು ನಿಲ್ಲಬೇಕಾದರೆ ನೀರು ಹೊಳೆಯಿಂದಲೋ ಒರತೆಯಿಂದಲೋ ಬರುವುದಕ್ಕೆ ಸಾಧ್ಯವಿಲ್ಲ. ಮೇಲಿನಿಂದಲೇ ಬರಬೇಕು. ಮಳೆ, ಮಂಜು, ಹಿಮ, ಅಷ್ಟೇ. ಹಾಗಾದರೆ ಎಷ್ಟು ಮಳೆ ಬೇಕು? ವಿಜ್ಞಾನಿಗಳು ಒಂದು ಅಂದಾಜು ಲೆಕ್ಕ ಇಟ್ಟಿದ್ದಾರೆ: ವರ್ಷಕ್ಕೆ ಕಡಿಮೆ ಎಂದರೆ 1,000 ಮಿ.ಮೀ. ಮಳೆ, ವರ್ಷದಲ್ಲಿ 160ಕ್ಕಿಂತ ಹೆಚ್ಚು ಮಳೆಯ ದಿನಗಳು, ಅತಿ ಬೆಚ್ಚಗಿನ ತಿಂಗಳಿನಲ್ಲೂ ಸರಾಸರಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸಿಗಿಂತ ಕಡಿಮೆ.

ಈಗ ನಮ್ಮ ಲೆಕ್ಕ ನೋಡಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. (ಆದೋನಿ, ಜತ್ತ, ಸೊಲ್ಲಾಪುರದ ಕಡೆಯ ಮಕ್ಕಳು ಇದನ್ನು ಓದಿ ಹೊಟ್ಟೆ ಉರಿಸಿಕೊಳ್ಳಬೇಡಿ, ಮಾರ್ಚ್ ತಿಂಗಳಲ್ಲಿ ನಮ್ಮ ಬಾವಿಗಳೂ ಬತ್ತುತ್ತವೆ!) ಅಂದರೆ ಬೇಕಾದ್ದಕ್ಕಿಂತ ಮೂರೂವರೆ ಪಟ್ಟು. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ನಮ್ಮ ಹಾಗೆ ಕೊಡ ಕವುಚಿದ ಮಳೆ ಇಲ್ಲ. ಸಣ್ಣಗೆ, ವರ್ಷವಿಡೀ, ಬೇಸರ ಬರುವಷ್ಟು ದಿನ ಜಿನುಗುತ್ತದೆ. ನೆಲಕ್ಕೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಮೇಲಿನಿಂದ ಚಳಿ ಬೇರೆ, ಆವಿಯಾಗಿ ಹೋಗುವುದೂ ಕಡಿಮೆ. ಮಳೆ ಎಷ್ಟು ಎನ್ನುವುದಕ್ಕಿಂತ ಎಷ್ಟು ದಿನ ಎನ್ನುವುದು ಇಲ್ಲಿ ದೊಡ್ಡ ಪ್ರಶ್ನೆ.

ಇನ್ನು ಕೊಳೆಯುವ ವಿಷಯ. ನಿಮ್ಮ ಅಡಿಕೆ ತೋಟದಲ್ಲಿ ಮರದ ಬುಡಕ್ಕೆ ಹಾಕಿದ ಸೊಪ್ಪು ಮುಂದಿನ ಮಳೆಗಾಲಕ್ಕೆ ಹುಡುಕಿದರೂ ಸಿಗುವುದಿಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ, ಗೆದ್ದಲು, ಎರೆಹುಳ ಎಲ್ಲ ಸೇರಿ ತಿಂದು ಮುಗಿಸುತ್ತವೆ. ಈ ಕೆಲಸಕ್ಕೆ ಅವುಗಳಿಗೆ ಶಾಖ ಬೇಕು, ಗಾಳಿ ಬೇಕು. ಶಾಖ 10 ಡಿಗ್ರಿ ಏರಿದರೆ ಕೊಳೆಯುವ ವೇಗ ಸುಮಾರಾಗಿ ಎರಡು ಪಟ್ಟು ಆಗುತ್ತದೆ. ಹಾಗೆಯೇ ಗಾಳಿ ತಪ್ಪಿಸಿದರೆ ಏನಾಗುತ್ತದೆ ಅಂತ ನಿಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತು. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿ, ಮೇಲೆ ಬಾಳೆ ಎಲೆ ಮುಚ್ಚಿ, ಕಲ್ಲು ಭಾರ ಇಟ್ಟು, ಭರಣಿಯ ಬಾಯಿ ಕಟ್ಟಿ ಇಡುತ್ತಾರಲ್ಲ? ನೀರಿನೊಳಗೆ ಮುಳುಗಿದ ಸೊಳೆ ಆಟಿ ತಿಂಗಳವರೆಗೂ ಹಾಳಾಗುವುದಿಲ್ಲ. ಭಾರ ಜಾರಿ ಮೇಲೆ ತೇಲಿ ಬಂದ ಸೊಳೆ ಮಾತ್ರ ಬೂಷ್ಟು ಹಿಡಿಯುತ್ತದೆ.

ಹೊದಿಕೆ ಜೌಗು ಅಂದರೆ ಎರಡು ಜಿಲ್ಲೆ ಅಗಲದ ಒಂದು ಭರಣಿ. ಅಲ್ಲಿ ಉಪ್ಪಿನ ಬದಲು ಹುಳಿ ಇದೆ, ಕಲ್ಲಿನ ಬದಲು ನೀರೇ ಭಾರ. ಈ ಭರಣಿಯನ್ನು ಕಟ್ಟಿದ್ದು, ಹುಳಿ ಮಾಡಿದ್ದು, ನೀರು ತುಂಬಿಸಿ ಹಿಡಿದಿಟ್ಟದ್ದು ಎಲ್ಲ ಒಂದೇ ಗಿಡದ ಕೆಲಸ.

ಬೇರಿಲ್ಲದ ಯಜಮಾನ

ಅದರ ಹೆಸರು ಸ್ಫ್ಯಾಗ್ನಮ್. ಹಾವಸೆ ಜಾತಿಯ ಸಸ್ಯ. ನಮ್ಮ ಬಾವಿಕಟ್ಟೆಯಲ್ಲಿ, ಹಳೆ ಗೋಡೆಯಲ್ಲಿ ಮಳೆಗಾಲಕ್ಕೆ ಹಸಿರು ವೆಲ್ವೆಟ್ ಹಾಗೆ ಬೆಳೆಯುವುದೂ ಹಾವಸೆಯೇ (ನಾವು ಎಲ್ಲವನ್ನೂ ಪಾಚಿ ಅಂತ ಕರೆದುಬಿಡುತ್ತೇವೆ, ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ). ಇದಕ್ಕೆ ಹೂವಿಲ್ಲ, ಬೀಜವಿಲ್ಲ, ಬೇರೂ ಇಲ್ಲ. ತುದಿಯಲ್ಲಿ ನಕ್ಷತ್ರದ ಹಾಗೆ ಒತ್ತೊತ್ತಾದ ತಲೆ, ಕೆಳಗೆ ಜೋತುಬಿದ್ದ ಸಣ್ಣ ಕೊಂಬೆಗಳು. ತಲೆ ಮೇಲಕ್ಕೆ ಬೆಳೆಯುತ್ತಾ ಹೋಗುತ್ತದೆ, ಬುಡ ಕೆಳಗಡೆ ಸಾಯುತ್ತಾ ಬರುತ್ತದೆ. ಸತ್ತ ಬುಡವೇ ಪೀಟ್.

ಇದರ ಎಲೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಬಗೆಯ ಜೀವಕೋಶ ಕಾಣುತ್ತದೆ. ಸಪೂರದ ಹಸಿರು ಕೋಶಗಳು ಜೀವಂತ, ಆಹಾರ ತಯಾರಿಸುವುದು ಅವುಗಳ ಕೆಲಸ. ಅವುಗಳ ನಡುವೆ ದೊಡ್ಡ ದೊಡ್ಡ ಬಣ್ಣವಿಲ್ಲದ ಕೋಶಗಳು. ಅವು ಸತ್ತವು, ಒಳಗೆ ಖಾಲಿ. ಗೋಡೆಯಲ್ಲಿ ತೂತು, ಗೋಡೆ ಕುಸಿಯದ ಹಾಗೆ ಒಳಗಡೆ ಸುರುಳಿ ಸುರುಳಿಯಾದ ಪಟ್ಟಿ. ಈ ಖಾಲಿ ಕೋಶಗಳೇ ನೀರಿನ ಟ್ಯಾಂಕಿ. ಸ್ಫ್ಯಾಗ್ನಮ್ ತನ್ನ ಒಣ ತೂಕದ 20 ಪಟ್ಟಿನವರೆಗೂ ನೀರು ಹಿಡಿಯಬಲ್ಲದು. ಒಂದು ಸ್ಪಂಜನ್ನು ಹಿಂಡಿದ ಹಾಗೆ ಹಿಂಡಿದರೆ ನೀರು ಧಾರೆಯಾಗಿ ಇಳಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಹತ್ತಿಯೆಲ್ಲ ಸ್ಫೋಟಕ ತಯಾರಿಸಲು ಹೋಗುತ್ತಿದ್ದಾಗ, ಸ್ಕಾಟ್ಲೆಂಡಿನಲ್ಲಿ ಶಾಲೆ ಮಕ್ಕಳೂ ಸೇರಿ ಊರವರು ಗುಡ್ಡದಿಂದ ಸ್ಫ್ಯಾಗ್ನಮ್ ಕಿತ್ತು, ಒಣಗಿಸಿ, ಗಾಯಕ್ಕೆ ಕಟ್ಟುವ ಪಟ್ಟಿ ಮಾಡಿ ಕಳಿಸಿದರು. ಹತ್ತಿಗಿಂತ ಹೆಚ್ಚು ರಕ್ತ, ಕೀವು ಹೀರುತ್ತಿತ್ತು. ಜೊತೆಗೆ ಹುಳಿಯಾದ್ದರಿಂದ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬದುಕಲು ಕಷ್ಟ.

ಹುಳಿ ಎಲ್ಲಿಂದ ಬಂತು? ಮಳೆನೀರಿನಲ್ಲಿ ಬರುವ ಚೂರುಪಾರು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಸ್ಫ್ಯಾಗ್ನಮ್‌ನ ಕೋಶಭಿತ್ತಿ ಹಿಡಿದುಕೊಳ್ಳುತ್ತದೆ, ಬದಲಿಗೆ ಹೈಡ್ರೋಜನ್ ಅಯಾನನ್ನು ಹೊರಗೆ ಬಿಡುತ್ತದೆ. ಹೈಡ್ರೋಜನ್ ಅಯಾನು ಹೆಚ್ಚಿದರೆ ಆಮ್ಲೀಯತೆ ಹೆಚ್ಚಿತು ಅಂತ ನೀವು ಕಲಿತಿದ್ದೀರಿ. ಹೀಗಾಗಿ ಆ ನೀರಿನ ಪಿಹೆಚ್ ಸುಮಾರು 4, ಹೆಚ್ಚುಕಡಿಮೆ ಟೊಮೆಟೊ ರಸದಷ್ಟು. ಇದ್ದ ಸ್ವಲ್ಪ ಪೋಷಕಾಂಶವನ್ನು ತಾನು ಇಟ್ಟುಕೊಂಡು, ನೆರೆಕರೆಯವರಿಗೆ ಹುಳಿನೀರು ಕೊಡುವ ಗಿಡ ಇದು! ಅದರ ಜೊತೆ ಬದುಕಬೇಕಾದ ಬೇರೆ ಗಿಡಗಳ ಪಾಡು ಯೋಚಿಸಿ.

ಪೀಟ್ ಬೆಳೆಯುವ ವೇಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ನಿಮ್ಮ ವಯಸ್ಸು 14 ಆದರೆ ನೀವು ಹುಟ್ಟಿದಂದಿನಿಂದ ಆದದ್ದು 14 ಮಿ.ಮೀ., ಕಿರುಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ. ಒಂದು ಮೀಟರಿಗೆ ಸಾವಿರ ವರ್ಷ ಬೇಕು. ಹಿಮಯುಗ ಮುಗಿದು ಮಂಜುಗಡ್ಡೆ ಕರಗಿದ ಮೇಲೆ ಶುರುವಾದ ಈ ಕೆಲಸ ಇನ್ನೂ ನಡೆಯುತ್ತಲೇ ಇದೆ.

ಅರ್ಧ ಮೀಟರಿನಲ್ಲಿ ಗುಡ್ಡೆ, ತೋಟ, ಬೈಲು

ದೂರದಿಂದ ನೋಡಿದರೆ ಜೌಗು ಒಂದೇ ಕಂದು ಬಣ್ಣದ ಬೋಳು ಬಯಲು. ಹತ್ತಿರ ಹೋಗಿ ಮೊಣಕಾಲೂರಿ ನೋಡಿದರೆ ಬೇರೆಯೇ ಲೋಕ. ನಮ್ಮಲ್ಲಿ ಗುಡ್ಡೆಯ ಮೇಲೆ ಗೇರು, ಕೆಳಗೆ ಅಡಿಕೆ, ಅದಕ್ಕೂ ಕೆಳಗೆ ಬೈಲಿನಲ್ಲಿ ಭತ್ತ ಅಂತ ಎತ್ತರಕ್ಕೆ ತಕ್ಕ ಬೆಳೆ ಇರುತ್ತದಲ್ಲ, ಅಲ್ಲಿ ಅದೇ ವ್ಯವಸ್ಥೆ ಅರ್ಧ ಮೀಟರ್ ಎತ್ತರದೊಳಗೆ ಉಂಟು.

ಎಲ್ಲಕ್ಕಿಂತ ಕೆಳಗೆ ಸಣ್ಣ ಸಣ್ಣ ಹೊಂಡಗಳು. ಪೀಟಿನ ಬಣ್ಣ ಇಳಿದು ನೀರು ಕಡು ಚಹಾದ ಹಾಗೆ ಕಾಣುತ್ತದೆ. ಈ ನೀರಿನೊಳಗೆ ಸ್ಫ್ಯಾಗ್ನಮ್ ಕಸ್ಪಿಡೇಟಮ್ ಎಂಬ ಜಾತಿ ತೇಲುತ್ತಿರುತ್ತದೆ. ನೀರಿನಿಂದ ಎತ್ತಿದರೆ ಒದ್ದೆ ಬೆಕ್ಕಿನ ಮರಿಯ ಹಾಗೆ ಜೋತಾಡುತ್ತದೆ ಅಂತ ಅಲ್ಲಿನವರ ತಮಾಷೆ. ಮೂರು ಮೂರು ಎಲೆಯ ಬಾಗ್‌ಬೀನ್ ಎಂಬ ಗಿಡ ನೀರಿನಿಂದ ತಲೆ ಎತ್ತಿ ಬಿಳಿ ಹೂ ಬಿಡುತ್ತದೆ. ಹೊಂಡದ ಅಂಚಿನಲ್ಲಿ, ಕಾಲಿಟ್ಟರೆ ಹಾಸಿಗೆಯಂತೆ ಅದುರುವ ಹಸಿ ಜಾಗದಲ್ಲಿ, ಹೊಂಬಣ್ಣದ ಸ್ಫ್ಯಾಗ್ನಮ್ ಪ್ಯಾಪಿಲೋಸಮ್. ಇನ್ನೂ ಮೇಲೆ ದಿಬ್ಬಗಳಾಗಿ ಬೆಳೆದದ್ದು ಕೆಂಪು ಬಣ್ಣದ ಸ್ಫ್ಯಾಗ್ನಮ್ ಕ್ಯಾಪಿಲಿಫೋಲಿಯಮ್. ದಿಬ್ಬದ ನೆತ್ತಿ ಸ್ವಲ್ಪ ಒಣಗಿರುವುದರಿಂದ ಅಲ್ಲಿ ಹೆದರ್ ಎಂಬ ನೇರಳೆ ಹೂವಿನ ಕುರುಚಲು ಪೊದೆ, ಬೂದು ಬಣ್ಣದ ಕಲ್ಲುಹೂವು. ಒಂದು ಗೇಣು ಎತ್ತರ ವ್ಯತ್ಯಾಸವಾದರೆ ಗಿಡವೇ ಬೇರೆ. ಯಾಕೆಂದರೆ ಬೇರಿಗೆ ಗಾಳಿ ಸಿಗುವುದು ಎಷ್ಟು, ನೀರು ಎಷ್ಟು ಎನ್ನುವುದು ಆ ಒಂದು ಗೇಣಿನಲ್ಲಿ ತೀರ್ಮಾನವಾಗುತ್ತದೆ.

ಇಲ್ಲಿ ಬದುಕುವವರಿಗೆ ಎರಡು ಕಷ್ಟ. ಬೇರಿಗೆ ಆಮ್ಲಜನಕ ಇಲ್ಲ, ಹೊಟ್ಟೆಗೆ ಸಾರಜನಕ ಇಲ್ಲ. ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದ್ದಾರೆ.

ಹತ್ತಿಹುಲ್ಲು ಅಂತ ಒಂದುಂಟು. ಬೇಸಿಗೆಯಲ್ಲಿ ಇಡೀ ಜೌಗು ಅದರ ಬಿಳಿ ಗೊಂಡೆಗಳಿಂದ ತುಂಬಿ ಹಿಮ ಬಿದ್ದ ಹಾಗೆ ಕಾಣುತ್ತದೆ. ಹೆಸರಿನಲ್ಲಿ ಹುಲ್ಲು ಇದ್ದರೂ ಅದು ಹುಲ್ಲಲ್ಲ. ನಮ್ಮ ಗದ್ದೆಯ ತುಂಗೆಗಡ್ಡೆಯ ಕುಟುಂಬದ್ದು. ಬಿಳಿ ಗೊಂಡೆ ಹೂವೂ ಅಲ್ಲ. ಬೀಜಕ್ಕೆ ಅಂಟಿದ ಕೂದಲು, ಎಕ್ಕದ ಬೀಜದ ಹಾಗೆ ಗಾಳಿಗೆ ಹಾರಲು. ಅದರ ಕಾಂಡದೊಳಗೆ, ಬೇರಿನೊಳಗೆ ಗಾಳಿಯ ಕೊಳವೆಗಳಿವೆ. ತಾವರೆ ದಂಟನ್ನು ಅಡ್ಡ ಕತ್ತರಿಸಿದರೆ ತೂತು ತೂತು ಕಾಣುವುದಿಲ್ಲವೇ, ಅದೇ ತಂತ್ರ. ಮೇಲಿನ ಗಾಳಿ ಕೊಳವೆಯ ಮೂಲಕ ಬೇರಿಗೆ ಇಳಿಯುತ್ತದೆ. ಅದೇ ಕೊಳವೆಯಲ್ಲಿ ಕೆಳಗಿನ ಮೀಥೇನ್ ಅನಿಲ ಮೇಲಕ್ಕೂ ಬರುತ್ತದೆ, ಹೊಗೆಕೊಳವೆಯ ಹಾಗೆ.

ಹೆದರ್ ತನ್ನ ಬೇರಿನ ಕೋಶಗಳಲ್ಲಿ ಶಿಲೀಂಧ್ರವನ್ನು ಇಟ್ಟುಕೊಂಡಿದೆ. ಶಿಲೀಂಧ್ರ ಪೀಟನ್ನು ಕರಗಿಸಿ ಸಾರಜನಕ ತಂದುಕೊಡುತ್ತದೆ, ಹೆದರ್ ಅದಕ್ಕೆ ಸಕ್ಕರೆ ಕೊಡುತ್ತದೆ. ಬಾಗ್ ಮಿರ್ಟಲ್ ಎಂಬ ಘಮಘಮ ಪೊದೆಯ ಬೇರಿನಲ್ಲಿ ಗಂಟುಗಳಿವೆ, ಅವುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ. ನಮ್ಮ ಉದ್ದು, ಅಲಸಂಡೆಯ ಬೇರುಗಂಟಿನ ಹಾಗೆ. ಬ್ಯಾಕ್ಟೀರಿಯಾ ಮಾತ್ರ ಬೇರೆ ಗುಂಪಿನದ್ದು.

ಹಳದಿ ಹೂವಿನ ಇನ್ನೊಂದು ಸಣ್ಣ ಗಿಡ ಇದೆ, ಬಾಗ್ ಆಸ್ಫೊಡೆಲ್. ಅದರ ವೈಜ್ಞಾನಿಕ ಹೆಸರು ನಾರ್ತೀಸಿಯಮ್ ಆಸಿಫ್ರಾಗಮ್. ಆಸಿಫ್ರಾಗಮ್ ಅಂದರೆ ಲ್ಯಾಟಿನಿನಲ್ಲಿ ಎಲುಬು ಮುರಿಯುವಂಥದ್ದು. ಇದನ್ನು ಮೇದ ಕುರಿಗಳ ಎಲುಬು ಸುಲಭವಾಗಿ ಮುರಿಯುತ್ತಿದ್ದುದನ್ನು ನೋಡಿ ಹಿಂದಿನವರು ಗಿಡವೇ ಕಾರಣ ಎಂದು ಹೆಸರಿಟ್ಟರು. ನಿಜವಾದ ಕಾರಣ ಮಣ್ಣಿನದ್ದು. ಕ್ಯಾಲ್ಸಿಯಂ ಇಲ್ಲದ ನೆಲದಲ್ಲಿ ಮೇದ ಕುರಿಗಳಿಗೆ ಕ್ಯಾಲ್ಸಿಯಂ ಸಿಗಲಿಲ್ಲ, ಅಷ್ಟೇ. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಆಗಬೇಕೆಂದಿಲ್ಲ. ಪಾಪದ ಗಿಡ, ಮಾಡದ ತಪ್ಪಿಗೆ ಹೆಸರು ಕೆಡಿಸಿಕೊಂಡಿತು.

ಇನ್ನು ನಿಮಗೆಲ್ಲ ಇಷ್ಟವಾಗುವ ಗಿಡ, ಡ್ರಾಸಿರಾ. ಕಾಸಿನಷ್ಟು ದುಂಡಗಿನ ಎಲೆ, ಎಲೆಯ ಮೇಲೆ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ಸಣ್ಣ ನೊಣ ಕೂತರೆ ಮುಗಿಯಿತು. ಕೂದಲುಗಳು ನಿಧಾನ ಬಾಗಿ ಒತ್ತಿ ಹಿಡಿಯುತ್ತವೆ, ಕಿಣ್ವಗಳು ಸುರಿದು ಮೆದು ಭಾಗವನ್ನು ಕರಗಿಸುತ್ತವೆ. ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಈ ಗಿಡ ನೋಡಿ ಮರುಳಾಗಿ, ಹದಿನೈದು ವರ್ಷದ ಮೇಲೆ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಪುಸ್ತಕವನ್ನೇ ತಂದ. ಒಂದು ತಪ್ಪು ತಿಳಿವಳಿಕೆ ಪ್ರತಿ ವರ್ಷ ಉತ್ತರಪತ್ರಿಕೆಯಲ್ಲಿ ಕಾಣುತ್ತೇನೆ: ಇವು ದ್ಯುತಿಸಂಶ್ಲೇಷಣೆ ಮಾಡುವುದಿಲ್ಲ, ಹುಳ ತಿಂದು ಬದುಕುತ್ತವೆ ಅಂತ. ಹಾಗಲ್ಲ. ಸಕ್ಕರೆಯನ್ನು ಅವು ಬಿಸಿಲಿನಿಂದಲೇ ಮಾಡಿಕೊಳ್ಳುತ್ತವೆ. ಹುಳದಿಂದ ಬೇಕಾದ್ದು ಸಾರಜನಕ ಮತ್ತು ರಂಜಕ. ಊಟ ಮನೆಯದ್ದೇ, ಉಪ್ಪಿನಕಾಯಿ ಮಾತ್ರ ಹೊರಗಿನದ್ದು.

ಸುತ್ತಲಿನ ಸ್ಫ್ಯಾಗ್ನಮ್ ಪ್ರತಿ ವರ್ಷ ಮೇಲಕ್ಕೆ ಬೆಳೆಯುತ್ತದಲ್ಲ, ಡ್ರಾಸಿರಾ ಮುಳುಗಿಹೋಗದೆ? ಅದಕ್ಕೂ ಉಪಾಯ ಉಂಟು. ಚಳಿಗಾಲದಲ್ಲಿ ಮುದುಡಿ ಮೊಗ್ಗಾಗಿ ಕೂತು, ವಸಂತ ಬಂದಾಗ ಕಾಂಡವನ್ನು ಸ್ವಲ್ಪ ಉದ್ದ ಮಾಡಿ, ಹೊಸ ಹಾವಸೆಯ ಮಟ್ಟಕ್ಕೆ ಬಂದು ಎಲೆ ಬಿಡುತ್ತದೆ.

ಈಗ ಒಂದು ಗುಟ್ಟು ಹೇಳುತ್ತೇನೆ. ಡ್ರಾಸಿರಾ ನೋಡಲು ನೀವು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಮುರಕಲ್ಲಿನ ಪಾರೆಗಳಲ್ಲಿ ಮಳೆಗಾಲದಲ್ಲಿ ಅದರ ನೆಂಟ ಡ್ರಾಸಿರಾ ಇಂಡಿಕಾ ಹುಟ್ಟುತ್ತದೆ. ಓಣಂ ಸಮಯಕ್ಕೆ ಪಾರೆ ಇಡೀ ನೀಲಿಯಾಗುತ್ತದಲ್ಲ, ನಿಮ್ಮ ಮಲಯಾಳಂ ಗೆಳೆಯರು ಪೂಕ್ಕಳಕ್ಕೆ ಕೊಯ್ಯುವ ಕಾಕ್ಕಪ್ಪೂವು, ಅದು ಯುಟ್ರಿಕ್ಯುಲೇರಿಯಾ. ಅದೂ ಕೀಟಾಹಾರಿಯೇ. ಚೆಂದದ ಹೂವಿನ ಕೆಳಗೆ, ಒದ್ದೆ ಮಣ್ಣಿನೊಳಗೆ, ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಿನ ಸೂಕ್ಷ್ಮ ಜೀವಿ ಬಾಗಿಲ ಬಳಿ ಬಂದರೆ ಒಳಗೆ ಎಳೆದುಕೊಳ್ಳುತ್ತವೆ. ಅದೇ ಗುಂಪಿನ ಇನ್ನೊಂದು ಜಾತಿ ಫ್ಲೋ ಕಂಟ್ರಿಯ ಕಪ್ಪು ಹೊಂಡಗಳಲ್ಲಿ ಉಂಟು.

ಅಷ್ಟು ದೂರದ ಎರಡು ನೆಲಗಳಲ್ಲಿ ಒಂದೇ ವಂಶದ ಗಿಡಗಳು ಯಾಕೆ? ಕಷ್ಟ ಒಂದೇ ಆದ್ದರಿಂದ. ಅಲ್ಲಿ ಪೀಟಿನ ಹುಳಿನೀರಿನಲ್ಲಿ ಪೋಷಕಾಂಶವಿಲ್ಲ. ಇಲ್ಲಿ ಪಾರೆಯ ಮೇಲೆ ಬೆರಳು ದಪ್ಪದ ಮಣ್ಣು, ಇದ್ದ ಸಾರವನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮ ಪಾರೆ ಡಿಸೆಂಬರಿಗೆ ಕಾದ ಕಾವಲಿಯಾಗುತ್ತದೆ. ಆದ್ದರಿಂದ ಇಲ್ಲಿನವು ನಾಲ್ಕು ತಿಂಗಳಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಒಣಗುತ್ತವೆ. ಕೂಡಿ ಪೀಟ್ ಆಗಲು ಏನೂ ಉಳಿಯುವುದಿಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಪೂರ್ತಿ ಉತ್ತರ ಬೇಕಾದರೆ ನಮ್ಮ ಪಕ್ಕದ ನೀಲಗಿರಿಗೆ ಹೋಗಬೇಕು. ಅಲ್ಲೂ ಮಳೆಗಾಲ ನಮ್ಮದೇ. ಆದರೆ 2,000 ಮೀಟರಿಗಿಂತ ಎತ್ತರ, ಚಳಿ, ಮಂಜು. ಊಟಿ ಹತ್ತಿರದ ಸ್ಯಾಂಡಿನಲ್ಲ ಮುಂತಾದ ಕಡೆ, ಹುಲ್ಲುಗುಡ್ಡಗಳ ನಡುವಿನ ತಗ್ಗುಗಳಲ್ಲಿ ವರ್ಷವಿಡೀ ನೀರು ನಿಲ್ಲುತ್ತದೆ. ಅಲ್ಲಿ ಪೀಟ್ ಇದೆ! ಗುಡ್ಡವನ್ನೇ ಹೊದೆಯುವಷ್ಟಿಲ್ಲ, ಬಟ್ಟಲಿನ ತಳದಲ್ಲಿ ಉಳಿದ ಪಾಯಸದ ಹಾಗೆ ತಗ್ಗಿನಲ್ಲಿ ಮಾತ್ರ. ಉಷ್ಣತೆ ಇಳಿಸಿ, ನೀರು ಹಿಡಿದಿಟ್ಟರೆ ದಕ್ಷಿಣ ಭಾರತದಲ್ಲೂ ಪೀಟ್ ಆಗುತ್ತದೆ ಎನ್ನುವುದಕ್ಕೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಅದು. ತಾಳವಾಡಿಯ ಮಕ್ಕಳಿಗೆ ಇದು ಒಂದು ದಿನದ ಪ್ರವಾಸ. ಅಲ್ಲಿನ ಜೌಗಿನಲ್ಲಿ ಬೆಳೆಯುವ ಎರಿಯೋಕ್ರೈಸಿಸ್ ರಂಗಾಚಾರಿ ಎಂಬ ಹುಲ್ಲಿನಿಂದಲೇ ತೋಡರು ತಮ್ಮ ಕಮಾನಿನಾಕಾರದ ಗುಡಿಗಳಿಗೆ ಮಾಡು ಹೊದಿಸುತ್ತಾರೆ.

ಕೊಳೆಯದ ದಾಖಲೆ

ಭರಣಿಯಲ್ಲಿಟ್ಟದ್ದು ಹಾಳಾಗುವುದಿಲ್ಲ ಅಂದೆವಲ್ಲ. ಹಾಗಾದರೆ ಪೀಟಿನೊಳಗೆ ಬಿದ್ದ ಪರಾಗ, ಎಲೆ, ಮರದ ತುಂಡು, ಎಲ್ಲ ಬಿದ್ದ ಕ್ರಮದಲ್ಲೇ ಉಳಿದಿರಬೇಕು. ಉಳಿದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ನೀಲಗಿರಿಯ ಪೀಟನ್ನು ಪದರ ಪದರವಾಗಿ ತೆಗೆದು ಅದರ ಇಂಗಾಲವನ್ನು ಅಳೆದರು. ಇಂಗಾಲದಲ್ಲಿ 12 ಮತ್ತು 13 ಎಂಬ ಎರಡು ಸ್ಥಿರ ಐಸೊಟೋಪುಗಳಿವೆ. ಮರಗಳು, ಭತ್ತದಂಥ ಸಸ್ಯಗಳು 13ನ್ನು ಕಡಿಮೆ ತೆಗೆದುಕೊಳ್ಳುತ್ತವೆ. ರಾಗಿ, ಜೋಳ, ಕಬ್ಬಿನ ಬಗೆಯ ಹುಲ್ಲುಗಳು ಸ್ವಲ್ಪ ಹೆಚ್ಚು. ಹೀಗೆ ಯಾವ ಕಾಲದಲ್ಲಿ ಯಾವ ಬಗೆಯ ಗಿಡ ಹೆಚ್ಚಿತ್ತು, ಮಳೆ ಹೇಗಿತ್ತು ಅಂತ ಓದಬಹುದು. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಪ್ರಕಾರ ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ನೀಲಗಿರಿ ಒಣಗಿತ್ತು. ಸುಮಾರು 11,000 ವರ್ಷಗಳ ಹಿಂದೆ ಮುಂಗಾರು ಬಲವಾಯಿತು. ಒಂದು ತಗ್ಗಿನ ಕೆಸರಿನಲ್ಲಿ ಇಷ್ಟು ಹಳೆಯ ಮಳೆಯ ಲೆಕ್ಕ!

ಐರ್ಲೆಂಡಿನ ಮೇಯೊ ಎಂಬಲ್ಲಿನ ಕಥೆ ನನಗೆ ಇನ್ನೂ ಇಷ್ಟ, ಅದರಲ್ಲಿ ಒಬ್ಬ ಅಧ್ಯಾಪಕರಿದ್ದಾರೆ. 1930ರ ದಶಕದಲ್ಲಿ ಪ್ಯಾಟ್ರಿಕ್ ಕಾಲ್‌ಫೀಲ್ಡ್ ಎಂಬ ಹಳ್ಳಿಶಾಲೆಯ ಮೇಷ್ಟ್ರು ಒಲೆಗೆ ಪೀಟ್ ಕಡಿಯುವಾಗ ಕೆಳಗೆ ಸಾಲಾಗಿ ಬಿದ್ದ ಕಲ್ಲುಗಳನ್ನು ಗಮನಿಸಿದರು. ಜೌಗು ಬೆಳೆಯುವ ಮೊದಲೇ ಯಾರೋ ಇಟ್ಟ ಕಲ್ಲುಗಳು ಅಂತ ಅವರಿಗೆ ಹೊಳೆಯಿತು. ಮುಂದೆ ಅವರ ಮಗ ಸೇಮಸ್ ಪುರಾತತ್ವ ಕಲಿತು, ಉದ್ದನೆಯ ಕಬ್ಬಿಣದ ಸರಳಿನಿಂದ ಪೀಟಿಗೆ ಚುಚ್ಚಿ ಚುಚ್ಚಿ, ಕಲ್ಲು ತಾಗಿದ ಕಡೆ ಗುರುತು ಮಾಡುತ್ತಾ ಹೋದರು. ಹೊದಿಕೆ ಜೌಗಿನ ಅಡಿಯಲ್ಲಿ ಸಾವಿರಾರು ವರ್ಷ ಹಿಂದಿನ ರೈತರ ಹೊಲಗಳು, ಹೊಲದ ಕಲ್ಲುಗೋಡೆಗಳು ಹಾಗೇ ಇದ್ದವು. ಕೇಜೆ ಫೀಲ್ಡ್ಸ್ ಅಂತ ಅದರ ಹೆಸರು.

ಮರ ನೆಟ್ಟು ಮಾಡಿದ ತಪ್ಪು

ಜೂನ್ 5ಕ್ಕೆ ನಾವೆಲ್ಲ ಗಿಡ ನೆಡುತ್ತೇವೆ. ಆದ್ದರಿಂದ ಮುಂದಿನದ್ದು ಓದಿ ನಿಮಗೆ ವಿಚಿತ್ರ ಅನ್ನಿಸಬಹುದು. ಫ್ಲೋ ಕಂಟ್ರಿಯಲ್ಲಿ ಪರಿಸರ ಉಳಿಸುವವರು ಮಾಡುತ್ತಿರುವ ಕೆಲಸ ಮರ ಕಡಿಯುವುದು.

1970 ಮತ್ತು 80ರ ದಶಕದಲ್ಲಿ ಈ ನೆಲವನ್ನು ಯಾರಿಗೂ ಬೇಡದ ಪಾಳುಭೂಮಿ ಅಂತ ಎಣಿಸಿದ್ದರು. ಮರ ನೆಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಇತ್ತು. ದೂರದ ಊರಿನ ಶ್ರೀಮಂತರು ಹಣ ಹಾಕಿದರು. ಆಳವಾಗಿ ಉತ್ತು, ಕಣಿ ತೋಡಿ, ನೀರು ಹರಿಸಿ, ಉತ್ತರ ಅಮೆರಿಕದಿಂದ ಬಂದ ಸಿಟ್ಕಾ ಸ್ಪ್ರೂಸ್, ಲಾಡ್ಜ್‌ಪೋಲ್ ಪೈನ್ ಮರಗಳನ್ನು ನೂರಾರು ಚದರ ಕಿ.ಮೀ. ಜಾಗದಲ್ಲಿ ನೆಟ್ಟರು. ಕಣಿಯಿಂದ ನೀರು ಹೋಯಿತು, ಮರದ ಬೇರು ಇನ್ನಷ್ಟು ಹೀರಿತು, ನೆರಳಿಗೆ ಸ್ಫ್ಯಾಗ್ನಮ್ ಸತ್ತಿತು. ಭರಣಿಯ ನೀರು ಇಳಿದಾಗ ಏನಾಗುತ್ತದೆ ಅಂತ ಆಗಲೇ ನೋಡಿದ್ದೇವೆ. ಗಾಳಿ ಒಳಗೆ ಹೋಯಿತು, ಸಾವಿರಾರು ವರ್ಷ ಕೊಳೆಯದೆ ಕೂತಿದ್ದದ್ದು ಕೊಳೆಯತೊಡಗಿತು, ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರತೊಡಗಿತು.

ಮರವೂ ಇಂಗಾಲ ಹಿಡಿಯುತ್ತದಲ್ಲ ಅಂತ ಕೇಳಬಹುದು. ಹಿಡಿಯುತ್ತದೆ. ಆದರೆ ಲೆಕ್ಕ ನೋಡಿ: ಭೂಮಿಯ ನೆಲದಲ್ಲಿ ಪೀಟ್ ಇರುವುದು ಸುಮಾರು ನೂರಕ್ಕೆ ಮೂರು ಭಾಗ. ಅದರೊಳಗಿನ ಇಂಗಾಲ ಪ್ರಪಂಚದ ಎಲ್ಲಾ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು. ಇಂಗಾಲ ಹಿಡಿಯಲಿ ಅಂತ ಪೀಟನ್ನು ಒಣಗಿಸಿ ಮರ ನೆಡುವುದೆಂದರೆ, ಬ್ಯಾಂಕಿನಲ್ಲಿದ್ದ ಹಣ ತೆಗೆದು ಕಾಣಿಕೆ ಡಬ್ಬಿಗೆ ಹಾಕಿ ಉಳಿತಾಯ ಅಂದ ಹಾಗೆ.

1988ರಲ್ಲಿ ಬ್ರಿಟನ್ ಸರಕಾರ ಆ ತೆರಿಗೆ ರಿಯಾಯಿತಿ ನಿಲ್ಲಿಸಿತು. ಆಮೇಲೆ 1995ರಲ್ಲಿ ಹಕ್ಕಿಗಳ ರಕ್ಷಣೆಯ ಸಂಸ್ಥೆಯೊಂದು ಫೋರ್ಸಿನಾರ್ಡ್ ಎಂಬಲ್ಲಿ ಜಾಗ ಕೊಂಡು, ಮರ ಕಡಿದು ಕಣಿಗಳಿಗೆ ಕಟ್ಟ ಕಟ್ಟುವ ಕೆಲಸ ಹಿಡಿಯಿತು. ನೀರು ಮೇಲೆ ಬಂದ ಕಡೆ ಹಳೆ ಬೊಡ್ಡೆಗಳ ನಡುವೆ ಮೊದಲು ಹತ್ತಿಹುಲ್ಲು, ಆಮೇಲೆ ನಿಧಾನವಾಗಿ ಸ್ಫ್ಯಾಗ್ನಮ್ ಹತ್ತಿಕೊಂಡಿದೆ. ಇದೇ ಫ್ಲೋ ಕಂಟ್ರಿಯನ್ನು 2024ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತೀರ್ಮಾನವಾದ ಸಭೆ ನಡೆದದ್ದು ನಮ್ಮ ನವದೆಹಲಿಯಲ್ಲಿ.

ನೀಲಗಿರಿಯಲ್ಲೂ ಹುಲ್ಲುಗುಡ್ಡಗಳನ್ನು ಖಾಲಿ ಜಾಗ ಅಂದುಕೊಂಡು ಆಸ್ಟ್ರೇಲಿಯಾದ ವ್ಯಾಟಲ್, ನೀಲಗಿರಿ ಮರಗಳನ್ನು ನೆಟ್ಟರು. ಹೆಸರು ನೋಡಿ, ಹೊರಗಿನಿಂದ ಬಂದ ಮರಕ್ಕೆ ನಾವು ಆ ಬೆಟ್ಟದ ಹೆಸರನ್ನೇ ಕೊಟ್ಟಿದ್ದೇವೆ.

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಗ ನಾನಿದ್ದ ಶಾಲೆಯ ಹಿಂದೆ ಒಂದು ಪಾರೆ ಇತ್ತು. ಏಪ್ರಿಲಿನಲ್ಲಿ ಕರ್ರಗೆ, ಬೋಳು, ನೋಡಲು ಏನೂ ಇಲ್ಲ. ಹಸಿರು ಮಾಡೋಣ ಅಂತ ಮಕ್ಕಳನ್ನು ಕಟ್ಟಿಕೊಂಡು, ಹಾರೆಯಲ್ಲಿ ಗುಂಡಿ ತೋಡಿಸಿ ಅಕೇಶಿಯಾ ನೆಡಿಸಿದೆ. ಎಲ್ಲ ಬದುಕಿದವು, ನನಗೆ ಹೆಮ್ಮೆಯೋ ಹೆಮ್ಮೆ. ಎರಡು ವರ್ಷದ ಹಿಂದೆ ಓಣಂ ರಜೆಯಲ್ಲಿ ಆ ದಾರಿಯಲ್ಲಿ ಹೋದೆ. ಮರ ಎತ್ತರ ಆಗಿದೆ. ಕೆಳಗೆ ಪಾದ ಮುಚ್ಚುವಷ್ಟು ಒಣ ಎಲೆ, ಒಂದು ಹುಲ್ಲುಕಡ್ಡಿ ಇಲ್ಲ. ಮರ ನೆಡದೆ ಬಿಟ್ಟ ಮೂಲೆಯಲ್ಲಿ, ಒಂದು ಚಾಪೆಯಷ್ಟು ಜಾಗದಲ್ಲಿ ಮಾತ್ರ ಕಾಕ್ಕಪ್ಪೂವು ನೀಲಿಯಾಗಿ ಅರಳಿತ್ತು. ಆ ಜಾಗದಲ್ಲಿ ಏನೇನು ಬೆಳೆಯುತ್ತಿತ್ತು ಅಂತ ಒಂದು ಮಳೆಗಾಲ ಕಾದು ನೋಡದೆ ಹಾರೆ ಹಿಡಿದಿದ್ದೆ.

ಈ ವರ್ಷ ಆ ಹುಡುಗಿಯ ಕ್ಲಾಸಿನವರು ಪಾರೆಗೆ ಹೊರಟಿದ್ದಾರೆ. ನೀವೂ ಮಾಡಬಹುದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಹಗ್ಗದಲ್ಲಿ ಮಾಡಿ ನೆಲದ ಮೇಲಿಡಿ. ಒಳಗೆ ಎಷ್ಟು ಬಗೆಯ ಗಿಡ, ಒಂದೊಂದು ಎಷ್ಟು, ನೀರು ಎಷ್ಟು ಬೆರಳು ನಿಂತಿದೆ, ಬರೆದಿಟ್ಟುಕೊಳ್ಳಿ. ಜೂನ್, ಆಗಸ್ಟ್, ಅಕ್ಟೋಬರ್, ಹೀಗೆ ಮೂರು ಸಲ ಅದೇ ಜಾಗಕ್ಕೆ ಹೋಗಿ. ಡ್ರಾಸಿರಾ ಸಿಕ್ಕಿದರೆ ಕೀಳಬೇಡಿ, ಬಗ್ಗಿ ಎಲೆಯ ಮೇಲೆ ಯಾವ ಹುಳ ಸಿಕ್ಕಿಬಿದ್ದಿದೆ ನೋಡಿ. ಪಾರೆ ಇಲ್ಲದ ಊರಿನವರು ಬಾವಿಕಟ್ಟೆಯ ಒಂದು ಹಿಡಿ ಹಾವಸೆಯನ್ನು ಒದ್ದೆಯಾಗಿ ತೂಗಿ, ನೆರಳಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ, ಎಷ್ಟು ಪಟ್ಟು ನೀರು ಹಿಡಿದಿತ್ತು ಲೆಕ್ಕ ಹಾಕಿ. 20ರ ಹತ್ತಿರ ಯಾರದ್ದು ಬರುತ್ತದೆ ನೋಡೋಣ. ಅಂಕಿಗಳನ್ನು ನಿಮ್ಮ ವಿಜ್ಞಾನ ಟೀಚರ ಹತ್ತಿರ ಕೊಟ್ಟು ಪತ್ರಿಕೆಗೆ ಕಳಿಸಿ. ಊರಿನ ಹೆಸರು, ತಾರೀಕು ಬರೆಯಲು ಮರೆಯಬೇಡಿ.